ರಸ್ತೆಗೂ ಒಂದು ಹಕ್ಕಿದೆ

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಎರಡನೇ ತರಗತಿಯ ಹುಡುಗನೊಬ್ಬ ಮೂರು ತಿಂಗಳು ತರಗತಿಗೆ ಬರಲಿಲ್ಲ. ಅವನ ಬಲಗಾಲಿನ ಮೂಳೆ ಮುರಿದಿತ್ತು. ನಾನು ನೋಡಲು ಹೋದಾಗ ಪ್ಲಾಸ್ಟರ್ ಹಾಕಿದ ಕಾಲನ್ನು ದಿಂಬಿನ ಮೇಲಿಟ್ಟು ಚಿತ್ರ ಬಿಡಿಸುತ್ತಿದ್ದ. ಅವನ ತಾಯಿ ಚಹಾ ತಂದಿಟ್ಟು ನನ್ನೆದುರು ಕುಳಿತರು. ತುಂಬ ಹೊತ್ತು ಏನೂ ಮಾತನಾಡಲಿಲ್ಲ. ಅನಂತರ ಮೆಲ್ಲನೆ ಹೇಳಿದರು: “ಟೀಚರ್, ನಾನು ಕೈ ಎತ್ತಿದ್ದು ‘ಅಲ್ಲೇ ನಿಲ್ಲು’ ಎನ್ನಲಿಕ್ಕೆ. ಅವನಿಗೆ ಅದು ‘ಬಾ’ ಎಂದ ಹಾಗೆ ಕಂಡಿತು.”

ನಡೆದದ್ದು ಇಷ್ಟೆ. ಶಾಲೆಯ ವ್ಯಾನು ಹುಡುಗನನ್ನು ರಸ್ತೆಯ ಆಚೆ ಬದಿಯಲ್ಲಿ ಇಳಿಸಿತು. ಮನೆ ಇದ್ದುದು ಈಚೆ ಬದಿಯಲ್ಲಿ. ಉಮ್ಮ ಗೇಟಿನ ಬಳಿ ನಿಂತಿದ್ದಾರೆ. ಇಡೀ ದಿನ ಕಾಣದ ತಾಯಿಯನ್ನು ಕಂಡ ಮಗುವಿಗೆ ಬೇರೇನೂ ಕಾಣಲಿಲ್ಲ. ತಾಯಿ ಕೈ ಎತ್ತಿದರು, ಮಗ ಓಡಿದ. ನಿಂತಿದ್ದ ವ್ಯಾನನ್ನು ದಾಟಿಕೊಂಡು ಬಂದ ಬೈಕ್ ಸವಾರನಿಗೆ ಹುಡುಗ ಕಣ್ಣಿಗೆ ಬಿದ್ದದ್ದು ಕೊನೆಯ ಕ್ಷಣದಲ್ಲಿ.

ಆ ಮನೆಗೆ ಬಂದವರು ಮೂರು ಮಾತುಗಳನ್ನಾಡಿದರಂತೆ. ಕೆಲವರು, “ಈಗಿನ ಮಕ್ಕಳಿಗೆ ಹೇಳಿದ್ದು ಕೇಳುವುದಿಲ್ಲ” ಎಂದರು. ಇನ್ನು ಕೆಲವರು, “ತಾಯಿಯಾದವಳು ಎಚ್ಚರದಲ್ಲಿರಬೇಡವೇ?” ಎಂದರು. ಉಳಿದವರು, “ಅಲ್ಲಾಹನ ವಿಧಿ, ಏನು ಮಾಡುವುದು?” ಎಂದು ನಿಟ್ಟುಸಿರು ಬಿಟ್ಟರು. ವ್ಯಾನು ಆ ಬದಿಯಲ್ಲೇಕೆ ನಿಂತಿತು, ಮನೆಗಳ ನಡುವಿನ ರಸ್ತೆಯಲ್ಲಿ ಬೈಕಿಗೆ ಅಷ್ಟು ವೇಗವೇಕೆ, ಏಳು ವರ್ಷದ ಮಗುವಿನಿಂದ ನಾವು ನಿರೀಕ್ಷಿಸಬಹುದಾದದ್ದು ಎಷ್ಟು ಎಂದು ಯಾರೂ ಕೇಳಲಿಲ್ಲ. ಪ್ರಿಯ ಸಹೋದರಿಯರೇ, ಇಂದು ಆ ಪ್ರಶ್ನೆಗಳನ್ನು ನಿಮ್ಮ ಮುಂದಿಡಲು ಬಯಸುತ್ತೇನೆ.

ದಿನಕ್ಕೆ ತೊಂಬತ್ತು ಮಂದಿ

ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ 32,825 ಮಂದಿ ಪಾದಚಾರಿಗಳು. ಲೆಕ್ಕ ಹಾಕಿದರೆ ದಿನಕ್ಕೆ ಸುಮಾರು ತೊಂಬತ್ತು ಮಂದಿ. ಇವರು ವಾಹನದೊಳಗೂ ಇರಲಿಲ್ಲ, ಯಾರೊಡನೆಯೂ ಪೈಪೋಟಿಗೆ ಇಳಿದಿರಲಿಲ್ಲ. ಹಾಲು ತರಲು, ರೇಷನ್ ತರಲು, ಶಾಲೆಗೆ, ಮಸೀದಿಗೆ, ಆಸ್ಪತ್ರೆಗೆ ಎಂದು ಮನೆಯಿಂದ ಹೊರಟವರು. ಜಗತ್ತಿನಾದ್ಯಂತ 5ರಿಂದ 29 ವರ್ಷದೊಳಗಿನವರ ಸಾವಿಗೆ ಮೊದಲ ಕಾರಣ ರಸ್ತೆ ಅಪಘಾತವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳಿಗೆ ಲಸಿಕೆ ಹಾಕಿಸಲು ತೋರುವ ಕಾಳಜಿಯ ಒಂದಂಶವನ್ನಾದರೂ ನಾವು ರಸ್ತೆಯ ವಿಷಯದಲ್ಲಿ ತೋರುತ್ತಿದ್ದೇವೆಯೇ?

ನಾವೇಕೆ ಅಲ್ಲೇ ದಾಟುತ್ತೇವೆ?

“ಜನರಿಗೆ ಶಿಸ್ತಿಲ್ಲ, ಎಲ್ಲೆಂದರಲ್ಲಿ ದಾಟುತ್ತಾರೆ” ಎಂಬುದು ಸಾಮಾನ್ಯವಾಗಿ ಕೇಳಿಬರುವ ದೂರು. ಅದರಲ್ಲಿ ಸತ್ಯವಿಲ್ಲವೆಂದಲ್ಲ. ಆದರೆ ಅದು ಪೂರ್ಣ ಸತ್ಯವಲ್ಲ.

ನಮ್ಮ ಕರಾವಳಿಯನ್ನೇ ನೋಡಿ. ಪನ್ವೇಲ್‌ನಿಂದ ಕನ್ಯಾಕುಮಾರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 66 ಉತ್ತರ ಕನ್ನಡ, ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಊರುಗಳ ನಡುವೆಯೇ ಹಾದುಹೋಗುತ್ತದೆ. ಹಿಂದೆ ಅದು ಹದಿನೇಳನೇ ಹೆದ್ದಾರಿ ಎನಿಸಿಕೊಂಡಿದ್ದಾಗ ಎರಡು ಬಸ್ಸುಗಳು ಎದುರಾದರೆ ಒಂದು ಬದಿಗೆ ಸರಿಯಬೇಕಾಗಿತ್ತು. ಚತುಷ್ಪಥವಾದ ಮೇಲೆ ಪ್ರಯಾಣ ಸುಲಭವಾಯಿತು. ಆದರೆ ಎಷ್ಟೋ ಊರುಗಳು ಎರಡು ಭಾಗವಾದವು. ಮನೆ ಪಡುಬದಿಯಲ್ಲಿ, ಮಸೀದಿ ಮೂಡುಬದಿಯಲ್ಲಿ. ಅಂಗನವಾಡಿ ಅಲ್ಲಿ, ಬಸ್‌ಸ್ಟಾಪ್ ಇಲ್ಲಿ. ಅಂಡರ್‌ಪಾಸ್ ಇರುವುದು ಅರ್ಧ ಕಿಲೋಮೀಟರು ಆಚೆ. ಒಂದು ಕೈಯಲ್ಲಿ ಅಕ್ಕಿಯ ಚೀಲ, ಇನ್ನೊಂದರಲ್ಲಿ ಮಗು, ನೆತ್ತಿಯ ಮೇಲೆ ಬಿಸಿಲು. ಎದುರಿಗೇ ಮನೆ ಕಾಣುತ್ತಿರುವಾಗ ಅರ್ಧ ಕಿಲೋಮೀಟರು ಹೋಗಿ, ಮತ್ತೆ ಅಷ್ಟೇ ದೂರ ಹಿಂದಿರುಗಿ ಬರುವವರು ಎಷ್ಟು ಮಂದಿ? ಮನುಷ್ಯನ ಕಾಲು ಹತ್ತಿರದ ದಾರಿಯನ್ನೇ ಹುಡುಕುತ್ತದೆ. ಡಿವೈಡರ್‌ನಲ್ಲಿ ಎಲ್ಲಿ ಒಂದು ಸಂದು ಬಿದ್ದಿದೆಯೋ ಅಲ್ಲಿ ದಾಟುವ ದಾರಿ ಬೇಕಾಗಿತ್ತು ಎಂದೇ ಅರ್ಥ.

ಎರಡನೆಯದು, ಕಾಯುವಿಕೆ. ದಾಟಲು ನಿಂತವರು ಮೊದಲು ದೊಡ್ಡ ಅಂತರಕ್ಕಾಗಿ ಕಾಯುತ್ತಾರೆ. ಹೊತ್ತು ಕಳೆದಂತೆ ತಾಳ್ಮೆ ಕರಗುತ್ತದೆ. ಮೊದಲು ‘ಸಾಲದು’ ಎನಿಸಿದ ಅಂತರವೇ ಆಮೇಲೆ ‘ಸಾಕು’ ಎನಿಸುತ್ತದೆ. ರಸ್ತೆ ಬದಲಾಗಿಲ್ಲ, ನಮ್ಮ ಮನಸ್ಸು ಬದಲಾಗಿದೆ.

ಮೂರನೆಯದು, ಗುಂಪು. ಒಬ್ಬರು ಕೆಳಗೆ ಕಾಲಿಟ್ಟೊಡನೆ ಉಳಿದವರೂ ಹೆಜ್ಜೆ ಹಾಕುತ್ತಾರೆ. ಹಿಂದಿನವರು ನೋಡುವುದು ವಾಹನವನ್ನಲ್ಲ, ಮುಂದಿನವರ ಬೆನ್ನನ್ನು. ಮದುವೆ ಮನೆಯಿಂದ ಒಟ್ಟಾಗಿ ಮರಳುವಾಗ, ಮಾತನಾಡುತ್ತಾ ಬಸ್ಸಿಗೆ ಓಡುವಾಗ ನಾವೆಲ್ಲರೂ ಇದನ್ನು ಮಾಡಿದವರೇ. ಮುಂದಿನವರಿಗೆ ಸಿಕ್ಕಿದ ಅವಕಾಶ ನಾಲ್ಕನೆಯವರಿಗೂ ಸಿಗುತ್ತದೆಂಬ ಖಾತ್ರಿಯೇನು?

ನಾಲ್ಕನೆಯದು, ರೂಢಿ. ‘ಹತ್ತು ವರ್ಷದಿಂದ ಇಲ್ಲೇ ದಾಟುತ್ತಿದ್ದೇನೆ’ ಎನ್ನುವವರೇ ಹೆಚ್ಚು ಅಪಾಯದಲ್ಲಿರುತ್ತಾರೆ. ಪರಿಚಯವಿಲ್ಲದ ಪೇಟೆಯಲ್ಲಿ ನಾವು ಎರಡೂ ಕಡೆ ನೋಡುತ್ತೇವೆ. ಮನೆಯೆದುರಿನ ರಸ್ತೆಯಲ್ಲಿ ನೋಡುವುದಿಲ್ಲ. ಇದಕ್ಕೀಗ ಮೊಬೈಲು ಬೇರೆ ಸೇರಿಕೊಂಡಿದೆ. ಫೋನಿನಲ್ಲಿ ಮಾತನಾಡುವವರ ಕಣ್ಣು ರಸ್ತೆಯ ಮೇಲಿದ್ದರೂ ಗಮನ ಅಲ್ಲಿರುವುದಿಲ್ಲ.

ಕಣ್ಣು ಮಾಡುವ ಮೋಸ

ಎದುರಿನಿಂದ ಬರುವ ವಾಹನ ಎಷ್ಟು ದೂರದಲ್ಲಿದೆ ಎಂಬುದನ್ನು ನಮ್ಮ ಕಣ್ಣು ಸುಮಾರಾಗಿ ಅಂದಾಜಿಸುತ್ತದೆ. ಆದರೆ ಅದು ಎಷ್ಟು ವೇಗದಲ್ಲಿದೆ ಎಂಬುದನ್ನು ಅಂದಾಜಿಸುವುದರಲ್ಲಿ ಸೋಲುತ್ತದೆ. ಒಂದು ಚಿಕ್ಕ ಲೆಕ್ಕ ನೋಡಿ. ಚತುಷ್ಪಥ ಹೆದ್ದಾರಿಯ ಒಂದು ಬದಿಯ ಅಗಲ ಸುಮಾರು ಏಳು ಮೀಟರು. ಆರೋಗ್ಯವಂತ ವಯಸ್ಕರು ಸೆಕೆಂಡಿಗೆ ಸುಮಾರು 1.2 ಮೀಟರು ನಡೆಯುತ್ತಾರೆ. ಅಂದರೆ ದಾಟಲು ಆರು ಸೆಕೆಂಡು ಬೇಕು. ಮಂಡಿನೋವಿರುವ ಅಜ್ಜಿಯೋ ತುಂಬು ಗರ್ಭಿಣಿಯೋ ಸೆಕೆಂಡಿಗೆ 0.8 ಮೀಟರು ನಡೆದರೆ ಹೆಚ್ಚು. ಅವರಿಗೆ ಒಂಬತ್ತು ಸೆಕೆಂಡು ಬೇಕು. ಗಂಟೆಗೆ 80 ಕಿಲೋಮೀಟರು ವೇಗದ ಬಸ್ಸು ಆ ಒಂಬತ್ತು ಸೆಕೆಂಡುಗಳಲ್ಲಿ ಇನ್ನೂರು ಮೀಟರು ಬಂದಿರುತ್ತದೆ! ‘ಬಸ್ಸು ಇನ್ನೂ ಅಲ್ಲೆಲ್ಲೋ ಇದೆ’ ಎಂದು ಅಜ್ಜಿ ಕಾಲಿಟ್ಟರೆ, ಆ ‘ಅಲ್ಲೆಲ್ಲೋ’ ಅವರ ಬದಿಗೇ ಬಂದಿರುತ್ತದೆ.

ಇನ್ನೊಂದು ಮೋಸವೂ ಇದೆ. ಒಂದು ಕಾರಿನವರು ದಯೆ ತೋರಿ ನಿಲ್ಲಿಸಿ, ದಾಟುವಂತೆ ಕೈಸನ್ನೆ ಮಾಡುತ್ತಾರೆ. ನಾವು ಸಂತೋಷದಿಂದ ಹೆಜ್ಜೆ ಹಾಕುತ್ತೇವೆ. ಆ ಕಾರಿನ ಪಕ್ಕದಿಂದ ಬರುವ ಬೈಕಿನವನಿಗೆ ನಾವು ಕಾಣುವುದಿಲ್ಲ, ನಮಗೆ ಅವನೂ ಕಾಣುವುದಿಲ್ಲ. ಆದ್ದರಿಂದ ನಿಂತ ವಾಹನದ ಅಂಚಿಗೆ ಬಂದಾಗ ಮತ್ತೊಮ್ಮೆ ನಿಂತು, ಇಣುಕಿ ನೋಡಿಯೇ ಮುಂದಿನ ಹೆಜ್ಜೆ ಇಡಬೇಕು. ಬಸ್ಸಿನಿಂದ ಇಳಿದವರಂತೂ ಬಸ್ಸಿನ ಮುಂದಿನಿಂದ ದಾಟಲೇಬಾರದು. ಬಸ್ಸು ಹೋದ ಮೇಲೆ ರಸ್ತೆ ತಾನಾಗಿ ಕಾಣುತ್ತದೆ.

ಮಕ್ಕಳು ಚಿಕ್ಕ ವಯಸ್ಕರಲ್ಲ

ಇಪ್ಪತ್ತು ವರ್ಷ ಮಕ್ಕಳ ನಡುವೆ ಕಳೆದ ನನಗೆ ಖಾತ್ರಿಯಾದ ಮಾತೊಂದನ್ನು ಹೇಳುತ್ತೇನೆ. ‘ನೋಡಿಕೊಂಡು ದಾಟು’ ಎಂಬ ಉಪದೇಶ ಸಣ್ಣ ಮಗುವಿಗೆ ತಲುಪುವುದಿಲ್ಲ. ಅದು ನೋಡುತ್ತದೆ, ಆದರೆ ಏನನ್ನು ನೋಡಬೇಕೆಂದು ಅದಕ್ಕೆ ತಿಳಿದಿರುವುದಿಲ್ಲ. ಅದರ ಎತ್ತರಕ್ಕೆ ನಿಲ್ಲಿಸಿದ ಕಾರೇ ಒಂದು ಗೋಡೆ. ಶಬ್ದ ಯಾವ ದಿಕ್ಕಿನಿಂದ ಬಂತೆಂದು ಗುರುತಿಸುವುದು, ವೇಗವನ್ನೂ ದೂರವನ್ನೂ ಸೇರಿಸಿ ಲೆಕ್ಕ ಹಾಕುವುದು ಒಂಬತ್ತು ಹತ್ತು ವರ್ಷದವರೆಗೂ ಮಕ್ಕಳಿಗೆ ಸರಿಯಾಗಿ ಒಗ್ಗುವುದಿಲ್ಲ. ಚೆಂಡು ರಸ್ತೆಗೆ ಉರುಳಿದರೆ ಮಗುವಿಗೆ ಕಾಣುವುದು ಚೆಂಡು ಮಾತ್ರ. ಆಚೆ ಬದಿಯಲ್ಲಿ ತಾಯಿ ನಿಂತಿದ್ದರೆ ಕಾಣುವುದು ತಾಯಿ ಮಾತ್ರ. ಇದು ಮಗುವಿನ ತಪ್ಪಲ್ಲ. ಅಲ್ಲಾಹನು ಅದರ ಬುದ್ಧಿಯನ್ನು ಹಂತಹಂತವಾಗಿ ಬೆಳೆಸುತ್ತಾನೆ. ಆ ತನಕ ಅದರ ಕಣ್ಣು ಮತ್ತು ಬುದ್ಧಿಯಾಗಿರಬೇಕಾದವರು ನಾವು. ನಿಮ್ಮಲ್ಲಿ ಪ್ರತಿಯೊಬ್ಬರೂ ಪಾಲಕರು, ಪ್ರತಿಯೊಬ್ಬರೂ ತಮ್ಮ ಪಾಲನೆಗೆ ಒಳಪಟ್ಟವರ ಬಗ್ಗೆ ವಿಚಾರಿಸಲ್ಪಡುವರು ಎಂಬ ಪ್ರವಾದಿ(ಸ) ಬೋಧನೆಯಲ್ಲಿ ರಸ್ತೆಬದಿ ಸೇರಿಲ್ಲವೇ?

ಮುಂಜಾನೆಯ ಮಬ್ಬಿನಲ್ಲಿ ಮದ್ರಸಕ್ಕೆ ಹೊರಡುವ ಮಕ್ಕಳನ್ನು ನೀವು ಕಂಡಿರುತ್ತೀರಿ. ಮಳೆಗಾಲದಲ್ಲಿ ಕೊಡೆ ಮುಂದಕ್ಕೆ ಬಾಗಿರುತ್ತದೆ, ಮುಖವೇ ಕಾಣುವುದಿಲ್ಲ. ನಾಲ್ಕೈದು ಮಂದಿ ಸಾಲಾಗಿ ಅಲ್ಲ, ಪಕ್ಕಪಕ್ಕದಲ್ಲಿ ನಡೆಯುತ್ತಾರೆ. ದೊಡ್ಡ ಮಗುವೊಂದು ಮುಂದೆ, ಇನ್ನೊಂದು ಹಿಂದೆ, ಚಿಕ್ಕವರು ನಡುವೆ ಸಾಲಾಗಿ ನಡೆಯುವ ಅಭ್ಯಾಸವನ್ನು ಕಲಿಸಲು ಎಷ್ಟು ಹೊತ್ತು ಬೇಕು?

ಕತ್ತಲೆಯಲ್ಲಿ ನಾವು ಕಾಣುತ್ತೇವೆಯೇ?

ಇನ್ನೊಂದು ವಿಷಯವನ್ನು ಸಹೋದರಿಯರಲ್ಲಿ ಮನಬಿಚ್ಚಿ ಹೇಳಬೇಕು. ಮಗ್ರಿಬ್ ಕಳೆದ ಮೇಲೆ, ರಮಝಾನಿನಲ್ಲಿ ತರಾವೀಹ್ ಮುಗಿಸಿ ಮರಳುವಾಗ ನಾವು ಕಪ್ಪು ಉಡುಪಿನಲ್ಲಿ ದೀಪವಿಲ್ಲದ ರಸ್ತೆಯ ಅಂಚಿನಲ್ಲಿ ನಡೆಯುತ್ತೇವೆ. ನಮಗೆ ವಾಹನದ ದೀಪ ದೂರದಿಂದಲೇ ಕಾಣುತ್ತದೆ. ಆದ್ದರಿಂದ ಚಾಲಕನಿಗೂ ನಾವು ಕಾಣುತ್ತಿದ್ದೇವೆಂದು ಭಾವಿಸುತ್ತೇವೆ. ಇದು ಶುದ್ಧ ತಪ್ಪು ತಿಳುವಳಿಕೆ. ಗಾಢ ಬಣ್ಣದ ಉಡುಪು ತೀರಾ ಹತ್ತಿರ ಬಂದ ಮೇಲಷ್ಟೇ ದೀಪದ ಬೆಳಕಿಗೆ ಸಿಗುತ್ತದೆ. ಪರ್ದಾಕ್ಕೂ ಸುರಕ್ಷತೆಗೂ ಯಾವ ವೈರವೂ ಇಲ್ಲ. ಕೈಯಲ್ಲಿ ಒಂದು ಟಾರ್ಚ್, ಬಿಳಿಯ ಬ್ಯಾಗು, ಚೀಲಕ್ಕೆ ಹೊಲಿದ ಹೊಳೆಯುವ ಪಟ್ಟಿ ಇದ್ದರೆ ಸಾಕು. ಅಂಥ ಪಟ್ಟಿ ಸೈಕಲ್ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಫುಟ್‌ಪಾತ್ ಇಲ್ಲದ ಕಡೆ ರಸ್ತೆಯ ಬಲಬದಿಯಲ್ಲಿ ನಡೆಯಿರಿ. ಆಗ ನಿಮ್ಮ ಬದಿಯ ವಾಹನ ಎದುರಿನಿಂದ ಬರುತ್ತದೆ, ಬೆನ್ನ ಹಿಂದಿನಿಂದಲ್ಲ.

ತಪ್ಪು ನಡೆಯುವವರದ್ದು ಮಾತ್ರವೇ?

ಇಷ್ಟನ್ನೂ ಹೇಳಿದ ಮೇಲೆ, ಹೊಣೆಯನ್ನೆಲ್ಲ ಪಾದಚಾರಿಯ ತಲೆಗೆ ಕಟ್ಟುವುದು ಅನ್ಯಾಯ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿರುವ ಚಾಲಕ ಅಪಾಯವನ್ನು ಕಂಡು ಬ್ರೇಕಿಗೆ ಕಾಲಿಡುವ ಒಂದು ಸೆಕೆಂಡಿನಲ್ಲೇ ವಾಹನ ಹದಿನಾರು ಮೀಟರಿಗಿಂತ ಹೆಚ್ಚು ಮುಂದೆ ಬಂದಿರುತ್ತದೆ. ಕಾರಿನ ವೇಗ 50ರಿಂದ 65 ಕಿಲೋಮೀಟರಿಗೆ ಏರಿದರೆ ಡಿಕ್ಕಿಯಾದ ಪಾದಚಾರಿ ಸಾಯುವ ಸಾಧ್ಯತೆ ನಾಲ್ಕೂವರೆ ಪಟ್ಟು ಹೆಚ್ಚುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ. ಜನರೂ ವಾಹನಗಳೂ ಬೆರೆಯುವಲ್ಲಿ ವೇಗ 30 ಕಿಲೋಮೀಟರು ಮೀರಬಾರದೆಂದು 2020ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸೇರಿದ ಜಾಗತಿಕ ಸಮ್ಮೇಳನ ಕರೆ ನೀಡಿತು.

ನಡೆಯಲು ಜಾಗವೂ ಬೇಕಲ್ಲವೇ? ಫುಟ್‌ಪಾತ್ ಕನಿಷ್ಠ 1.8 ಮೀಟರು ಅಗಲವಾಗಿ, ಅಡ್ಡಿಗಳಿಲ್ಲದೆ ಇರಬೇಕೆಂದು ಭಾರತೀಯ ರೋಡ್ ಕಾಂಗ್ರೆಸ್‌ನ ಮಾರ್ಗಸೂಚಿ ಹೇಳುತ್ತದೆ. ಒಂದು ಗಾಲಿಕುರ್ಚಿಯ ಪಕ್ಕ ಇನ್ನೊಬ್ಬರು ನಡೆಯಲು ಬೇಕಾದಷ್ಟು ಜಾಗವದು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಫುಟ್‌ಪಾತ್ ಬಳಸುವ ಪಾದಚಾರಿಗಳ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲಿಯೇ ಸೇರಿದೆಯೆಂದು ಸ್ಪಷ್ಟಪಡಿಸಿತು. ಆದ್ದರಿಂದ ಫುಟ್‌ಪಾತ್, ಹಂಪ್, ಜೀಬ್ರಾ ಪಟ್ಟಿ, ಬೀದಿದೀಪ ಕೇಳುವುದು ಯಾರದೋ ಔದಾರ್ಯವನ್ನು ಬೇಡುವುದಲ್ಲ. ಪಂಚಾಯತಿನ ಗ್ರಾಮಸಭೆಯಲ್ಲಿ ಮಹಿಳೆಯರು ಎದ್ದು ನಿಂತು ಕೇಳಬೇಕಾದ ಹಕ್ಕು ಅದು.

ರಸ್ತೆಯ ಹಕ್ಕು

ರಸ್ತೆಬದಿಯಲ್ಲಿ ಕುಳಿತುಕೊಳ್ಳುವುದನ್ನು ಪ್ರವಾದಿ(ಸ) ತಮ್ಮ ಅನುಚರರಿಗೆ ನಿರುತ್ತೇಜಿಸಿದ್ದರು. ಅದು ಅನಿವಾರ್ಯವೆಂದು ಅವರು ಹೇಳಿದಾಗ, ಹಾಗಾದರೆ ರಸ್ತೆಯ ಹಕ್ಕನ್ನು ಸಲ್ಲಿಸಿರಿ ಎಂದರು. ಆ ಹಕ್ಕು ಯಾವುದು? ದೃಷ್ಟಿಯನ್ನು ತಗ್ಗಿಸುವುದು, ಇತರರಿಗೆ ಉಪದ್ರವ ಕೊಡದಿರುವುದು, ಸಲಾಮಿಗೆ ಪ್ರತಿವಂದಿಸುವುದು, ಒಳಿತನ್ನು ಆದೇಶಿಸಿ ಕೆಡುಕನ್ನು ತಡೆಯುವುದು (ಬುಖಾರಿ, ಮುಸ್ಲಿಮ್). ದಾರಿಯಿಂದ ಉಪದ್ರವಕಾರಿ ವಸ್ತುವನ್ನು ಸರಿಸುವುದನ್ನು ಈಮಾನಿನ ಶಾಖೆಗಳಲ್ಲಿ ಒಂದೆಂದು ಎಣಿಸಲಾಗಿದೆ. ದಾರಿಯಲ್ಲಿದ್ದ ಮುಳ್ಳಿನ ಕೊಂಬೆಯನ್ನು ಬದಿಗಿಟ್ಟ ಮನುಷ್ಯನನ್ನು ಅಲ್ಲಾಹನು ಕ್ಷಮಿಸಿದ ವೃತ್ತಾಂತ ನಿಮಗೆ ಗೊತ್ತಿರುವುದೇ.

ಹಾಗಿದ್ದರೆ ದಾರಿಯಲ್ಲಿ ಮುಳ್ಳು ಇಡುವವರ ಗತಿಯೇನು? ಶುಕ್ರವಾರ ನಮ್ಮ ಮಸೀದಿಯ ಮುಂದೆ ಅಡ್ಡಾದಿಡ್ಡಿ ನಿಲ್ಲಿಸಿದ ವಾಹನಗಳಿಂದಾಗಿ ಒಬ್ಬ ವೃದ್ಧೆ ರಸ್ತೆಯ ಮಧ್ಯಕ್ಕೆ ಇಳಿದು ನಡೆಯಬೇಕಾಗುತ್ತದೆ. ಅವರು ಯಾವ ಧರ್ಮದವರೇ ಇರಲಿ, ನಾವು ಅವರ ಹಕ್ಕನ್ನು ಕಸಿದುಕೊಂಡಿದ್ದೇವೆ. ಮನೆ ಕಟ್ಟಲು ತಂದ ಮರಳು, ಜಲ್ಲಿ ತಿಂಗಳುಗಟ್ಟಲೆ ರಸ್ತೆಯ ಅಂಚಿನಲ್ಲಿರುತ್ತದೆ. ಅಂಗಡಿಯ ಸಾಮಾನು ಫುಟ್‌ಪಾತಿಗೆ ಇಳಿಯುತ್ತದೆ. ಮದುವೆಯ ಕಮಾನು ನಡೆಯುವ ದಾರಿಯಲ್ಲೇ ನಿಲ್ಲುತ್ತದೆ. ಇವೆಲ್ಲ ನಮ್ಮ ಕಾಲದ ಮುಳ್ಳಿನ ಕೊಂಬೆಗಳು.

ಬಾಣಗಳನ್ನು ಹಿಡಿದು ಮಸೀದಿಯಲ್ಲೋ ಮಾರುಕಟ್ಟೆಯಲ್ಲೋ ಹಾದುಹೋಗುವವರು ಅವುಗಳ ಮೊನೆಗಳನ್ನು ಕೈಯಲ್ಲಿ ಹಿಡಿದುಕೊಳ್ಳಬೇಕು, ಯಾರಿಗೂ ಗಾಯವಾಗಬಾರದು ಎಂದು ಪ್ರವಾದಿ(ಸ) ಆಜ್ಞಾಪಿಸಿದ್ದರು (ಬುಖಾರಿ, ಮುಸ್ಲಿಮ್). ಇಂದು ನಮ್ಮ ಹುಡುಗರ ಕೈಯಲ್ಲಿರುವ ಬೈಕ್ ಬಾಣಕ್ಕಿಂತ ಕಡಿಮೆಯೇ? ಹದಿನೈದರ ಮಗ ಹಟ ಮಾಡಿದನೆಂದು, ‘ಅಂಗಡಿವರೆಗೆ ಮಾತ್ರ’ ಎಂದು ಬೀಗದ ಕೈ ಕೊಡುವವರು ಹೆಚ್ಚಾಗಿ ತಾಯಂದಿರೇ. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತ ವಯಸ್ಕರು ವಾಹನ ಚಲಾಯಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲಕರಿಗೆ ಮೂರು ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ ವಿಧಿಸಬಹುದು. ಆದರೆ ಇನ್ನೊಬ್ಬ ತಾಯಿಯ ಮಗುವಿಗೆ ಆದ ಗಾಯಕ್ಕೆ ಯಾವ ದಂಡ ಸಮವಾದೀತು?

ವಿಧಿಯ ಹೆಸರಿನಲ್ಲಿ

‘ವಿಧಿ ಇದ್ದಂತಾಗುತ್ತದೆ’ ಎಂಬ ಮಾತಿಗೆ ಬರೋಣ. ವಿಧಿಯಲ್ಲಿ ವಿಶ್ವಾಸವಿಡುವುದು ನಮ್ಮ ಈಮಾನಿನ ಭಾಗ. ಆದರೆ ಒಂಟೆಯನ್ನು ಕಟ್ಟಿ ಅನಂತರ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂದು ಕಲಿಸಿದವರೂ ಪ್ರವಾದಿಯವರೇ(ಸ) (ತಿರ್ಮಿದಿ). ಖಲೀಫಾ ಉಮರ್(ರ) ಸಿರಿಯಾಕ್ಕೆ ಹೊರಟಿದ್ದಾಗ ಅಲ್ಲಿ ಪ್ಲೇಗ್ ಹಬ್ಬಿರುವ ಸುದ್ದಿ ಬಂತು. ಅವರು ಸಮಾಲೋಚನೆ ನಡೆಸಿ ಮರಳಲು ನಿರ್ಧರಿಸಿದರು. ಅಲ್ಲಾಹನ ವಿಧಿಯಿಂದ ಪಲಾಯನವೇ ಎಂದು ಅಬೂ ಉಬೈದಾ(ರ) ಕೇಳಿದಾಗ, ಹೌದು, ಅಲ್ಲಾಹನ ವಿಧಿಯಿಂದ ಅಲ್ಲಾಹನ ವಿಧಿಯ ಕಡೆಗೇ ಎಂಬರ್ಥದ ಉತ್ತರ ಕೊಟ್ಟರು. ಎಚ್ಚರಿಕೆಯೂ ವಿಧಿಯ ಒಳಗಿನದೇ. ಅಪಘಾತ ನಡೆದ ಮೇಲೆ ಸಹನೆಗೆ ವಿಧಿಯ ಮಾತು ಆಸರೆ. ಅಪಘಾತಕ್ಕೆ ಮುಂಚೆ ಅದೇ ಮಾತು ಉದಾಸೀನಕ್ಕೆ ನೆಪವಾಗಬಾರದು.

ಅಪಘಾತವಾದರೆ

ಕಣ್ಣೆದುರು ಅಪಘಾತವಾದಾಗ ‘ಪೊಲೀಸ್ ಕೇಸು, ನಮಗೇಕೆ?’ ಎಂದು ಹಿಂದೆ ಸರಿಯುವವರಿದ್ದಾರೆ. ನೆರವಾದವರನ್ನು ರಕ್ಷಿಸಲು ಕರ್ನಾಟಕ ತನ್ನದೇ ಕಾನೂನನ್ನು ಮಾಡಿಕೊಂಡಿದೆ. 2019ರ ಕೇಂದ್ರ ಕಾನೂನಿನಲ್ಲೂ ಈ ರಕ್ಷಣೆಯಿದೆ. ಆಸ್ಪತ್ರೆಗೆ ಸೇರಿಸಿದವರು ತಮ್ಮ ಹೆಸರು ಹೇಳಬೇಕೆಂದು ಒತ್ತಾಯಿಸುವಂತಿಲ್ಲ. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033ಕ್ಕೂ ಕರೆ ಮಾಡಬಹುದು. ಬೆನ್ನು, ಕುತ್ತಿಗೆಗೆ ಏಟಾಗಿರುವ ಸಾಧ್ಯತೆ ಇರುವುದರಿಂದ ಗಾಯಾಳುವನ್ನು ಅವಸರದಲ್ಲಿ ಎಳೆದಾಡಬೇಡಿ. ರಕ್ತ ಸುರಿಯುವಲ್ಲಿ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ.

2025ರಲ್ಲಿ ಜಾರಿಗೆ ಬಂದ ಕೇಂದ್ರದ ಯೋಜನೆಯಂತೆ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನಗಳ ತನಕ ಒಂದೂವರೆ ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ನಗದಿಲ್ಲದೆ ದೊರೆಯಬೇಕು. ಡಿಕ್ಕಿ ಹೊಡೆದು ಪರಾರಿಯಾದ ವಾಹನ ಪತ್ತೆಯಾಗದಿದ್ದರೆ 2022ರ ಯೋಜನೆಯಡಿ ಮೃತರ ಕುಟುಂಬಕ್ಕೆ ಎರಡು ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಪರಿಹಾರವಿದೆ. ಅದಕ್ಕೆ ಪೊಲೀಸ್ ದೂರಿನ ಪ್ರತಿಯೊಂದಿಗೆ ತಾಲೂಕಿನ ಕಂದಾಯ ಅಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ ಅರ್ಜಿ ಕೊಡಬೇಕು. ದುಡಿಯುವ ಗಂಡಸನ್ನು ಕಳೆದುಕೊಂಡ ಮನೆಯ ಹೆಂಗಸರಿಗೆ ಈ ವಿಷಯ ಗೊತ್ತಿರುವುದಿಲ್ಲ. ನೀವು ತಿಳಿಸಿರಿ.

ಮನೆಯಿಂದಲೇ ಆರಂಭ

ಈ ವಾರವೇ ಒಂದು ಕೆಲಸ ಮಾಡಿ. ನಿಮ್ಮ ಮಗುವಿನ ಕೈ ಹಿಡಿದು ಅದು ಶಾಲೆಗೂ ಮದ್ರಸಕ್ಕೂ ಹೋಗುವ ದಾರಿಯಲ್ಲಿ ನಡೆಯಿರಿ. ಎಲ್ಲಿ ದಾಟಬೇಕು, ಎಲ್ಲಿ ದಾಟಬಾರದು ಎಂಬುದನ್ನು ಅಲ್ಲೇ ನಿಂತು ತೋರಿಸಿ. ನಿಲ್ಲು, ಬಲಕ್ಕೆ ನೋಡು, ಎಡಕ್ಕೆ ನೋಡು, ಮತ್ತೆ ಬಲಕ್ಕೆ ನೋಡು, ಕಿವಿಗೊಡು, ಓಡದೆ ನೇರವಾಗಿ ನಡೆ. ನೀವು ಬಾಯಲ್ಲಿ ಹೇಳಿದ್ದಲ್ಲ, ಕಾಲಲ್ಲಿ ಮಾಡಿದ್ದೇ ಮಗುವಿನ ಪಾಠ. ಅವಸರದಲ್ಲಿ ನೀವೇ ಡಿವೈಡರ್ ಹತ್ತಿ ದಾಟಿದರೆ ಉಳಿದ ಉಪದೇಶವೆಲ್ಲ ವ್ಯರ್ಥ. ಹತ್ತು ನಿಮಿಷ ಮುಂಚೆ ಹೊರಟರೆ ಅವಸರವೂ ಇರುವುದಿಲ್ಲ. ಮದ್ರಸದ ಉಸ್ತಾದರಲ್ಲಿ, ಜಮಾಅತಿನ ಹಿರಿಯರಲ್ಲಿ ಈ ವಿಷಯ ಪ್ರಸ್ತಾಪಿಸಿ. ಶುಕ್ರವಾರದ ಪ್ರವಚನದಲ್ಲಿ ರಸ್ತೆಯ ಹಕ್ಕಿನ ಕುರಿತು ಐದು ನಿಮಿಷ ಮಾತನಾಡುವಂತೆ ಖತೀಬರನ್ನು ವಿನಂತಿಸಿ.

ಆ ಹುಡುಗ ಈಗ ಹೈಸ್ಕೂಲಿನಲ್ಲಿದ್ದಾನೆ, ಅಲ್‌ಹಮ್ದುಲಿಲ್ಲಾಹ್. ಮಳೆ ಬಂದಾಗ ಕಾಲು ನೋಯುತ್ತದೆಯಂತೆ. ಅವನ ತಂಗಿ ನಮ್ಮ ಶಾಲೆಗೆ ಬರುತ್ತಾಳೆ. ಸಂಜೆ ವ್ಯಾನು ಬರುವ ಹೊತ್ತಿಗೆ ಅವರ ತಾಯಿ ಗೇಟಿನ ಬಳಿ ನಿಲ್ಲುವುದಿಲ್ಲ. ಮೊದಲೇ ರಸ್ತೆ ದಾಟಿ, ವ್ಯಾನು ನಿಲ್ಲುವ ಬದಿಯಲ್ಲಿ ಕಾದಿರುತ್ತಾರೆ. ಮಗಳು ಇಳಿದೊಡನೆ ಕೈ ಹಿಡಿಯುತ್ತಾರೆ. ಈಗ ಆ ಕೇರಿಯ ಇನ್ನೂ ನಾಲ್ವರು ತಾಯಂದಿರು ಅವರ ಜೊತೆ ಅಲ್ಲೇ ನಿಲ್ಲುತ್ತಾರೆ. ಹಣ ಖರ್ಚಾಗಲಿಲ್ಲ, ಸರಕಾರದ ಆದೇಶ ಬೇಕಾಗಲಿಲ್ಲ. ನಿಲ್ಲುವ ಬದಿಯನ್ನು ಬದಲಿಸಿದರು, ಅಷ್ಟೆ.

ನಿಮ್ಮ ಮಗು ಇಳಿಯುವ ಬದಿಯಲ್ಲಿ ನಾಳೆ ನೀವು ನಿಂತಿರುವಿರಾ? ಮನೆಯಿಂದ ಹೊರಟ ಪ್ರತಿಯೊಬ್ಬರನ್ನೂ ಅಲ್ಲಾಹನು ಸುರಕ್ಷಿತವಾಗಿ ಮನೆಗೆ ತಲುಪಿಸಲಿ. ಆಮೀನ್.